ಮಕ್ಕಳ ಪುಟ್ಟ ವ್ಯಾಪಾರ, ಲಾಭದ ಲೆಕ್ಕ: ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಹೊಸನಗರದ ಕಡೆಯ ಪೋಷಕರೂ ಶಿಕ್ಷಕರೂ ಮಾತಿನ ನಡುವೆ ಮತ್ತು ಪತ್ರಗಳಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಇಲ್ಲಿ ಒಟ್ಟುಗೂಡಿಸಿದೆ. ಮಾರುವುದನ್ನು ಮಕ್ಕಳು ಒಂದೇ ದಿನದಲ್ಲಿ ಕಲಿಯುತ್ತಾರೆ. ಯಾರ ಯಾರಿಗೆ ಏನೇನು ಸಲ್ಲಬೇಕೋ ಅದೆಲ್ಲ ಸಂದ ಮೇಲೆ ಉಳಿದದ್ದಷ್ಟೇ ಲಾಭ ಎಂಬುದನ್ನು ಕಲಿಯಲು ಸಮಯ ಬೇಕು, ಮತ್ತು ಅದನ್ನು ಕಲಿಸದಿದ್ದರೆ ಉಳಿದ ಕಲಿಕೆಗೆ ಹೆಚ್ಚಿನ ಬೆಲೆಯಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯ. ಕೆಳಗಿನ ಉದಾಹರಣೆಗಳಲ್ಲಿ ಬರುವ ಬೆಲೆಗಳು ಲೆಕ್ಕ ತೋರಿಸುವುದಕ್ಕಾಗಿ ಹಿಡಿದವು. ನಿಮ್ಮೂರಿನ ಇಂದಿನ ದರವನ್ನು ಹಾಕಿಕೊಂಡು ಮಾಡಿ.

## ಮೊದಲ ಹೆಜ್ಜೆಗಳು

ಎಷ್ಟನೇ ವಯಸ್ಸಿಗೆ ಶುರು ಮಾಡಿಸಬಹುದು? ನಮ್ಮ ಮಗ ಇನ್ನೂ ಎರಡನೇ ಕ್ಲಾಸು.

ಎರಡನೇ ತರಗತಿಯ ಮಗುವಿಗೆ ಇನ್ನೂ ವ್ಯಾಪಾರ ಬೇಕಿಲ್ಲ. ಐವತ್ತರ ನೋಟು ಕೊಟ್ಟು ಅಂಗಡಿಗೆ ಕಳಿಸಿ, ತಂದ ಸಾಮಾನಿನ ಬೆಲೆಯನ್ನೂ ಉಳಿದ ಚಿಲ್ಲರೆಯನ್ನೂ ಅವನೇ ಕೂಡಿಸಿ ಹೇಳಲಿ. ಆ ವಯಸ್ಸಿಗೆ ಅಷ್ಟು ಸಾಕು. ಕೂಡುವುದು, ಕಳೆಯುವುದು, ಗುಣಿಸುವುದು ಕೈಗೆ ಹತ್ತಿದ ಮೇಲೆ, ಸಾಮಾನ್ಯವಾಗಿ ನಾಲ್ಕನೇ ಅಥವಾ ಐದನೇ ತರಗತಿಯ ಹೊತ್ತಿಗೆ, ಅರ್ಧ ದಿನದಲ್ಲಿ ಶುರುವಾಗಿ ಅರ್ಧ ದಿನದಲ್ಲೇ ಮುಗಿಯುವ ವ್ಯಾಪಾರವನ್ನು ಮಾಡಿಸಬಹುದು. ಒಂದು ಹಂಗಾಮು ಪೂರ್ತಿ ನಡೆಯುವಂಥದ್ದು ಏಳನೇ ಎಂಟನೇ ತರಗತಿಯವರಿಗೆ ಸರಿ, ಏಕೆಂದರೆ ಇಂದು ಹಾಕಿದ ದುಡ್ಡು ಮೂರು ತಿಂಗಳ ಮೇಲೆ ಬರುತ್ತದೆ ಎಂದು ಕಾಯುವ ತಾಳ್ಮೆ ಅದಕ್ಕಿಂತ ಮೊದಲು ಬರುವುದು ಅಪರೂಪ.

ಈಗಲೇ ಲಾಭ ಲಾಭ ಅಂತ ಹೇಳಿಕೊಟ್ಟರೆ ಮಕ್ಕಳಿಗೆ ದುಡ್ಡಿನ ಆಸೆ ಹತ್ತುವುದಿಲ್ಲವೇ?

ಈ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ದುಡ್ಡು ಎಲ್ಲಿಂದ ಬರುತ್ತದೆಂದು ತಿಳಿಯದೆ ಖರ್ಚು ಮಾಡುವುದನ್ನು ಮಾತ್ರ ಬಲ್ಲ ಮಗುವಿಗೆ ಆಸೆ ಹೆಚ್ಚು. ಹತ್ತು ರೂಪಾಯಿ ಉಳಿಸಲು ಎಷ್ಟು ಕೆಲಸ ಬೇಕು ಎಂದು ಕೈಯಾರೆ ಕಂಡ ಮಗು ಅಂಗಡಿಯವರ ಬಳಿ ಚೌಕಾಸಿ ಮಾಡುವಾಗಲೂ ಎದುರಿನವರ ಖರ್ಚನ್ನು ಯೋಚಿಸುತ್ತದೆ. ಕಲಿಸುವ ರೀತಿಯಲ್ಲಿ ಮಾತ್ರ ಒಂದು ಎಚ್ಚರ ಬೇಕು: ಸಂಜೆ ಮನೆಗೆ ಬಂದ ಮಗುವನ್ನು ಮೊದಲು "ಎಷ್ಟು ಬಂತು?" ಎಂದು ಕೇಳಬೇಡಿ, "ಯಾರು ಕೊಂಡರು, ಏನಂದರು?" ಎಂದು ಕೇಳಿ. ಮೊತ್ತದ ಮಾತು ಆಮೇಲೆ ಪುಸ್ತಕ ತೆರೆದಾಗ ಬರಲಿ.

ನಮ್ಮೂರಲ್ಲಿ ಮಗು ಮಾರುವಂಥದ್ದು ಏನಿದೆ? ನಾವು ಪೇಟೆಯಿಂದ ದೂರ.

ಪೇಟೆಯಿಂದ ದೂರವಿರುವವರಿಗೆ ವಸ್ತುಗಳ ಕೊರತೆಯಿಲ್ಲ, ಗಿರಾಕಿಗಳ ಕೊರತೆಯಿದೆ. ಆದ್ದರಿಂದ ಮೊದಲು ಯಾರಿಗೆ ಎಂದು ಯೋಚಿಸಿ, ಆಮೇಲೆ ಏನು ಎಂದು ನಿರ್ಧರಿಸಿ. ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆ, ಮೂರು ವರ್ಷಕ್ಕೊಮ್ಮೆ ಬರುವ ಸಾಗರದ ಮಾರಿಜಾತ್ರೆ, ವಾರದ ಸಂತೆ, ಊರಿನ ದೇವಸ್ಥಾನದ ದೀಪೋತ್ಸವ, ಶಾಲೆಯ ವಾರ್ಷಿಕೋತ್ಸವ, ಇವೆಲ್ಲ ಜನ ತಾವಾಗಿಯೇ ಸೇರುವ ಸಂದರ್ಭಗಳು.

ವಸ್ತುವಿನ ವಿಷಯಕ್ಕೆ ಬಂದರೆ ನಮ್ಮ ಮಲೆನಾಡಿನಲ್ಲಿ ಕಾಲವೇ ಪಟ್ಟಿ ಬರೆದುಕೊಡುತ್ತದೆ. ಬೇಸಿಗೆ ರಜೆಯಲ್ಲಿ ಹಲಸಿನಕಾಯಿ ಹಪ್ಪಳ, ಬಾಳೆಕಾಯಿ ಚಿಪ್ಸು, ಮುರುಗಲು (ಕೋಕಂ) ಶರಬತ್ತು. ಮಳೆಗಾಲದ ಬಾಗಿಲಿನಲ್ಲಿ ಹೀರೆ, ಸೌತೆ, ಬೆಂಡೆಯ ಬೀಜದ ಪೊಟ್ಟಣ, ಬಸಳೆಯ ಬಳ್ಳಿ. ನಾನು ಹೆಚ್ಚಾಗಿ ಸೂಚಿಸುವುದು ಡೇರೆ (ಡೇಲಿಯಾ) ಹೂವಿನ ಗೆಡ್ಡೆಯನ್ನು. ಹಿಂದಿನ ಮಳೆಗಾಲದ ಗಿಡ ಒಣಗಿದ ಮೇಲೆ ಗೆಡ್ಡೆಯನ್ನು ಕಿತ್ತು ತಂಪಾದ ಮೂಲೆಯಲ್ಲಿ ಜೋಪಾನ ಮಾಡಿಟ್ಟರೆ, ಮೇ ತಿಂಗಳಲ್ಲಿ ಅದು ಮೊಳಕೆ ಒಡೆಯುವ ಹೊತ್ತಿಗೆ ಹೂವಿನ ಹುಚ್ಚಿರುವ ಗೃಹಿಣಿಯರು "ನಿಮ್ಮಲ್ಲಿ ಯಾವ ಬಣ್ಣ ಇದೆ?" ಎಂದು ತಾವೇ ಕೇಳಿಕೊಂಡು ಬರುತ್ತಾರೆ. ಕೆಡುವ ಭಯ ಕಡಿಮೆ, ಬೆಂಕಿಯ ಕೆಲಸವಿಲ್ಲ, ಗಿರಾಕಿಗೆ ವಸ್ತುವಿನ ಮೇಲೆ ಪ್ರೀತಿ ಇರುತ್ತದೆ. ಬಣ್ಣದ ಹೆಸರು ಬರೆದ ಚೀಟಿ ತಪ್ಪಿಹೋದರೆ ಮಾತ್ರ ಮುಂದಿನ ವರ್ಷ ಯಾರೂ ನಂಬುವುದಿಲ್ಲ. ಆ ಚೀಟಿಯ ಶಿಸ್ತನ್ನು ಕಲಿಸುವುದಕ್ಕಾದರೂ ಡೇರೆ ಒಳ್ಳೆಯದು.

ಅಡಿಕೆ ಹಾಳೆಯ ತಟ್ಟೆಯನ್ನು ಮಕ್ಕಳು ಮಾರಬಹುದು. ಕಾದ ಅಚ್ಚಿನ ಯಂತ್ರದ ಬಳಿ ಅವರನ್ನು ಬಿಡಬಾರದು.

ಶಾಲೆಯಲ್ಲಿ ಮಕ್ಕಳ ಸಂತೆ ಮಾಡುತ್ತಾರಲ್ಲ, ಅದೇ ಸಾಕಲ್ಲವೇ?

ಮಕ್ಕಳ ಸಂತೆ ಒಳ್ಳೆಯ ಆರಂಭ. ತೂಗುವುದು, ಅಳೆಯುವುದು, ಚಿಲ್ಲರೆ ಕೊಡುವುದು, ಅಪರಿಚಿತರ ಜೊತೆ ಅಳುಕಿಲ್ಲದೆ ಮಾತಾಡುವುದು ಇವೆಲ್ಲ ಅಲ್ಲಿ ಬರುತ್ತವೆ. ಲಾಭ ಮಾತ್ರ ಅಲ್ಲಿ ಸರಿಯಾಗಿ ಕಾಣುವುದಿಲ್ಲ, ಕಾರಣ ಎರಡು. ಮನೆಯ ಹಿತ್ತಲಿನಿಂದ ತಂದ ತರಕಾರಿಗೆ ಅಸಲು ಏನೆಂದು ಯಾರೂ ಕೇಳಿರುವುದಿಲ್ಲ. ಕೊಳ್ಳುವವರು ಹೆಚ್ಚಾಗಿ ಅಪ್ಪ, ಅಮ್ಮ, ಚಿಕ್ಕಮ್ಮ, ಮೇಷ್ಟ್ರು. ಅವರು ಕೊಂಡದ್ದು ಸೊಪ್ಪಿನ ಮೇಲಿನ ಆಸೆಯಿಂದಲ್ಲ, ಮಗುವಿನ ಮೇಲಿನ ಅಕ್ಕರೆಯಿಂದ. ಆ ಅಕ್ಕರೆ ಬೇಡವೆಂದಲ್ಲ. ಆದರೆ ಅದೇ ಗಿರಾಕಿ ಎರಡನೇ ಸಲ ತಾನಾಗಿ ಬಂದು ಕೇಳಿದನೇ ಎಂಬುದೇ ವ್ಯಾಪಾರದ ನಿಜವಾದ ಪರೀಕ್ಷೆ, ಮತ್ತು ಒಂದು ದಿನದ ಸಂತೆಯಲ್ಲಿ ಎರಡನೇ ಸಲ ಎಂಬುದೇ ಇರುವುದಿಲ್ಲ. ಶಿಕ್ಷಕರು ಸಂತೆಯ ಮರುದಿನ ಒಂದು ಪಿರಿಯಡ್ ತೆಗೆದಿಟ್ಟು ಪ್ರತಿ ಮಗುವಿನಿಂದಲೂ ಖರ್ಚಿನ ಪಟ್ಟಿ ಬರೆಸಿದರೆ, ಸಂತೆಯ ದಿನಕ್ಕಿಂತ ಹೆಚ್ಚಿನ ಕಲಿಕೆ ಅಲ್ಲಿ ಆಗುತ್ತದೆ.

## ಲೆಕ್ಕದ ಒಳಗೆ

ಮಗಳು ಶರಬತ್ತು ಮಾರಿ ಬಂದು "ಐನೂರಾ ಎಂಬತ್ತು ರೂಪಾಯಿ ಲಾಭ" ಅಂದಳು. ಹೌದಾ, ಅಷ್ಟು ಲಾಭ ಬರುತ್ತದಾ?

ಅವಳು ಹೇಳಿದ್ದು ಡಬ್ಬಿಯಲ್ಲಿದ್ದ ದುಡ್ಡನ್ನು. ಅದನ್ನು ತಪ್ಪು ಎನ್ನದೆ, ಡಬ್ಬಿಯನ್ನು ನೆಲದ ಮೇಲೆ ಸುರಿದು ಅವಳ ಕೈಯಲ್ಲೇ ಒಂದೊಂದಾಗಿ ಬೇರೆ ಮಾಡಿಸಿ.

ಬೆಳಿಗ್ಗೆ ಅಪ್ಪನಿಂದ ಚಿಲ್ಲರೆಗೆಂದು ತೆಗೆದುಕೊಂಡ 100 ರೂಪಾಯಿ ಮೊದಲು ಪಕ್ಕಕ್ಕೆ ಹೋಗಲಿ. ಉಳಿದ 480 ರೂಪಾಯಿ, ಲೋಟಕ್ಕೆ 10ರಂತೆ 48 ಲೋಟ ಮಾರಿದ ದುಡ್ಡು. ಇದು ಮಾರಾಟ, ಲಾಭವಲ್ಲ. ಅಂಗಡಿಯಿಂದ ತಂದ ಸಕ್ಕರೆಗೆ 90, ಏಲಕ್ಕಿ ಜೀರಿಗೆಗೆ 20, ಕಾಗದದ ಲೋಟಕ್ಕೆ 60, ಒಟ್ಟು 170 ತೆಗೆದಿಡಿ. ಈಗ 310 ಉಳಿಯಿತು. ಹೆಚ್ಚಿನ ಮನೆಗಳಲ್ಲಿ ಲೆಕ್ಕ ಇಲ್ಲಿಗೆ ನಿಲ್ಲುತ್ತದೆ, ಮಗು ಖುಷಿಯಾಗಿ ಮಲಗುತ್ತದೆ.

ಇಲ್ಲಿ ನಿಲ್ಲಬಾರದು. ಶರಬತ್ತಿಗೆ ಹಾಕಿದ ಒಣ ಮುರುಗಲು ಸಿಪ್ಪೆ ಮನೆಯ ಅಟ್ಟದಿಂದ ಬಂದದ್ದು. ಅದನ್ನೇ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಕೊಂಡಿದ್ದರೆ 100 ರೂಪಾಯಿ ಆಗುತ್ತಿತ್ತು ಎನ್ನೋಣ. ಗ್ಯಾಸಿಗೆ 20. ಸಾಮಾನು ಸಾಗಿಸಿದ ಆಟೋಗೆ ಅಪ್ಪ ಕೊಟ್ಟ 60. ಇವನ್ನು ಕಳೆದರೆ 130. ಅಜ್ಜಿ ಎರಡು ಗಂಟೆ ಕೂತು ಸಿಪ್ಪೆ ನೆನೆಸಿ, ಕಿವುಚಿ, ಸೋಸಿ, ಪಾಕ ಮಾಡಿಕೊಟ್ಟರು. ಗಂಟೆಗೆ 50ರಂತೆ ಹಿಡಿದರೂ 100 ಆಯಿತು. ಈಗ ನೆಲದ ಮೇಲೆ ಉಳಿದದ್ದು 30 ರೂಪಾಯಿ. ಮಗಳು ನಾಲ್ಕು ಗಂಟೆ ಬಿಸಿಲಿನಲ್ಲಿ ನಿಂತದ್ದಕ್ಕೆ ಗಂಟೆಗೆ ಏಳೂವರೆ ರೂಪಾಯಿ.

ಮಗುವಿನ ಮುಖ ಸಣ್ಣದಾಗುತ್ತದೆ, ಆಗಲಿ. ಆ ಹೊತ್ತಿನಲ್ಲಿ ಸಮಾಧಾನ ಹೇಳುವ ಬದಲು ಮುಂದಿನ ಪ್ರಶ್ನೆ ಕೇಳಿ: ಮಾಡಿದ್ದು 60 ಲೋಟ, ಮಾರಿದ್ದು 48, ಉಳಿದ 12 ಎಲ್ಲಿ? ಸ್ವಲ್ಪ ಚೆಲ್ಲಿತು, ಸ್ವಲ್ಪ ಗೆಳತಿಯರಿಗೆ ಹೋಯಿತು. ಒಟ್ಟು ಖರ್ಚು 450, ಅಂದರೆ 45ನೇ ಲೋಟಕ್ಕೆ ಅಸಲು ಹುಟ್ಟಿದೆ. 46ನೇ ಲೋಟದಿಂದ ಬಂದದ್ದೆಲ್ಲ ಲಾಭವೇ, ಏಕೆಂದರೆ ಅದರ ಖರ್ಚು ಆಗಲೇ ಆಗಿಹೋಗಿದೆ. ಆ ಹನ್ನೆರಡೂ ಮಾರಾಟವಾಗಿದ್ದರೆ 30ರ ಜಾಗದಲ್ಲಿ 150 ಇರುತ್ತಿತ್ತು. ಲಾಭ ಕೊನೆಯ ಕೆಲವೇ ಲೋಟಗಳಲ್ಲಿ ಅಡಗಿರುತ್ತದೆ ಎಂಬ ಈ ಸಂಗತಿ ಹೇಳಿಕೆಯಿಂದ ತಲೆಗೆ ಹೋಗುವುದಿಲ್ಲ. ನೆಲದ ಮೇಲೆ ನಾಣ್ಯ ಸರಿಸಿದಾಗ ಹೋಗುತ್ತದೆ. ಮುಂದಿನ ಸಲ ಅವಳೇ ಮನೆಯ ಸ್ಟೀಲ್ ಲೋಟ ಒಯ್ದು 60 ರೂಪಾಯಿ ಉಳಿಸುವ ಮಾತಾಡಿದರೆ, ತೊಳೆಯುವ ನೀರನ್ನೂ ಕೈಯನ್ನೂ ಅವಳೇ ಗೊತ್ತು ಮಾಡಿಕೊಳ್ಳಲಿ.

ಅಜ್ಜಿಯ ಕೆಲಸಕ್ಕೂ ಕೂಲಿ ಕಟ್ಟಬೇಕೇ? ಮನೆಯವರ ಪ್ರೀತಿಗೆ ಬೆಲೆ ಹಾಕಿದ ಹಾಗಾಗುವುದಿಲ್ಲವೇ?

ದುಡ್ಡನ್ನು ಅಜ್ಜಿಯ ಕೈಗೆ ಕೊಡುವುದೂ ಬಿಡುವುದೂ ನಿಮ್ಮ ಮನೆಯ ವಿಚಾರ. ಪುಸ್ತಕದಲ್ಲಿ ಬರೆಯುವುದನ್ನು ಮಾತ್ರ ಬಿಡಬಾರದು. "ಅಜ್ಜಿ, ಎರಡು ಗಂಟೆ, 100 ರೂಪಾಯಿ, ಅಜ್ಜಿ ಬಿಟ್ಟುಕೊಟ್ಟದ್ದು" ಎಂದು ಒಂದು ಸಾಲು ಬರೆಸಿ. ಆ ಸಾಲು ಇಲ್ಲದಿದ್ದರೆ ಮಗು ಆ 100 ರೂಪಾಯಿಯನ್ನು ತನ್ನ ಜಾಣತನದ ಫಲವೆಂದು ತಿಳಿಯುತ್ತದೆ. ಸಾಲು ಇದ್ದರೆ ಅದು ಅಜ್ಜಿಯ ಕೊಡುಗೆಯೆಂದು ತಿಳಿಯುತ್ತದೆ. ಅಡುಗೆಮನೆಯಲ್ಲಿ, ಹಿತ್ತಲಿನಲ್ಲಿ, ಅಡಿಕೆ ಸುಲಿಯುವ ಚಪ್ಪರದ ಕೆಳಗೆ ಹೆಂಗಸರು ಮಾಡುವ ಕೆಲಸ ನಮ್ಮ ಮನೆಗಳ ಲೆಕ್ಕಪುಸ್ತಕಗಳಲ್ಲಿ ಎಲ್ಲೂ ಕಾಣದೇ ಹೋಗಿದೆ. ಹತ್ತು ವರ್ಷದ ಮಗುವಿನ ಪುಸ್ತಕದಲ್ಲಾದರೂ ಅದು ಕಾಣಲಿ ಎಂಬುದು ನನ್ನ ಆಸೆ.

ಬೆಲೆ ಎಷ್ಟು ಇಡಬೇಕು ಅಂತ ಹೇಗೆ ಹೇಳಿಕೊಡುವುದು? ಪಕ್ಕದವನು ಕಡಿಮೆಗೆ ಮಾರಿದರೆ?

ಎರಡು ಸಂಖ್ಯೆಗಳನ್ನು ಮೊದಲೇ ಬರೆದುಕೊಳ್ಳಲಿ. ಒಂದು, ಇದಕ್ಕಿಂತ ಕಡಿಮೆಗೆ ಮಾರಿದರೆ ಅಸಲಿಗೆ ಕೈ ಹೋಗುತ್ತದೆ ಎಂಬುದು. ಇನ್ನೊಂದು, ಇಂಥದ್ದಕ್ಕೆ ಪೇಟೆಯಲ್ಲಿ ಜನ ಎಷ್ಟು ಕೊಡುತ್ತಿದ್ದಾರೆ ಎಂಬುದು. ಇವೆರಡರ ನಡುವೆ ಜಾಗವಿದ್ದರೆ ವ್ಯಾಪಾರ ಸಾಧ್ಯ, ಇಲ್ಲದಿದ್ದರೆ ಬೇರೆ ವಸ್ತು ಹುಡುಕಬೇಕು. ಮೊದಲನೆಯದನ್ನು ಲೆಕ್ಕ ಹಾಕುವಾಗ ಮಾಡಿದ ಸಂಖ್ಯೆಯಿಂದ ಭಾಗಿಸದೆ ಮಾರಾಟವಾಗಬಹುದಾದ ಸಂಖ್ಯೆಯಿಂದ ಭಾಗಿಸಬೇಕು: 450 ರೂಪಾಯಿ ಖರ್ಚನ್ನು 60 ಲೋಟಕ್ಕೆ ಹಂಚಿದರೆ ಲೋಟಕ್ಕೆ ಏಳೂವರೆ, 48ಕ್ಕೆ ಹಂಚಿದರೆ ಸುಮಾರು 9 ರೂಪಾಯಿ 40 ಪೈಸೆ.

ಪಕ್ಕದ ಹುಡುಗ 8ಕ್ಕೆ ಮಾರತೊಡಗಿದರೆ ತಾನೂ 8ಕ್ಕೆ ಇಳಿಯುವುದು ಮಗುವಿಗೆ ಮೊದಲು ತೋಚುವ ಉಪಾಯ. ಇಳಿಯುವ ಮುನ್ನ ಅವನದ್ದನ್ನು ಒಂದು ಲೋಟ ಕೊಂಡು ಕುಡಿದು ನೋಡಲಿ. ಅವನದು ನೀರಾಗಿದ್ದರೆ, ಅಥವಾ ಅವನ ಅಮ್ಮ ಸಕ್ಕರೆಯ ಲೆಕ್ಕ ಕೇಳದಿದ್ದರೆ, ಅವನ ಬೆಲೆಯನ್ನು ಹಿಂಬಾಲಿಸುವುದರಲ್ಲಿ ಅರ್ಥವಿಲ್ಲ.

ಒಡೆದ ಹಪ್ಪಳಗಳನ್ನು ಕಟ್ಟಿನ ಮಧ್ಯಕ್ಕೆ ಸೇರಿಸಿಟ್ಟಿದ್ದ. ನೋಡಿ ಬೇಜಾರಾಯಿತು. ಏನು ಹೇಳಲಿ?

ಕಟ್ಟನ್ನು ಬಿಚ್ಚಿಸಿ. ಮೇಲೆ ಎರಡು, ಕೆಳಗೆ ಎರಡು ಪೂರ್ತಿ ಹಪ್ಪಳ ಇಟ್ಟು ನಡುವೆ ತುಂಡುಗಳನ್ನು ತುರುಕಿದ್ದನ್ನು ಅವನೇ ಗಿರಾಕಿಯ ಜಾಗದಲ್ಲಿ ಕೂತು ಒಂದೊಂದಾಗಿ ಎತ್ತಿ ನೋಡಲಿ. ಬೈಗುಳ ಅಲ್ಲಿಗೆ ಬೇಡವಾಗುತ್ತದೆ. ಆಮೇಲೆ ದಾರಿ ತೋರಿಸಿ: ಒಡೆದವನ್ನೇ ಬೇರೆ ಪೊಟ್ಟಣ ಮಾಡಿ, ಮೇಲೆ "ಒಡೆದ ಹಪ್ಪಳ" ಎಂದು ದೊಡ್ಡದಾಗಿ ಬರೆದು, ಕಡಿಮೆ ಬೆಲೆಗೆ ಇಡಲಿ. ಕರಿದು ತಿನ್ನುವವರಿಗೆ ಆಕಾರ ಮುಖ್ಯವಲ್ಲ. ಮಳೆಗಾಲದ ಸಂಜೆಯ ಕಾಫಿಯ ಜೊತೆಗೆ ತುಂಡು ಹಪ್ಪಳವನ್ನು ಹುಡುಕಿಕೊಂಡು ಬರುವವರೂ ಇದ್ದಾರೆ. ಮುಚ್ಚಿ ಮಾರಿದ ತುಂಡಿನಿಂದ ಬಂದದ್ದು ಒಂದು ಸಲದ ದುಡ್ಡು, ಆಮೇಲೆ ಆ ಮನೆಯ ಬಾಗಿಲು ಮುಚ್ಚಿದಂತೆ.

ಲೆಕ್ಕದ ಪುಸ್ತಕ ಹೇಗಿರಬೇಕು? ಮೊಬೈಲಿನಲ್ಲೇ ಬರೆದುಕೊಂಡರೆ ಸಾಲದೇ?

ಗೆರೆ ಎಳೆದ ನೋಟ್‌ಬುಕ್ ಸಾಕು: ತಾರೀಖು, ವಿವರ, ಬಂದದ್ದು, ಹೋದದ್ದು, ಕೈಯಲ್ಲಿರುವುದು. ದಿನದ ಕೊನೆಗೆ ಪುಸ್ತಕದ "ಕೈಯಲ್ಲಿರುವುದು" ಮತ್ತು ಡಬ್ಬಿಯಲ್ಲಿರುವುದು ಒಂದೇ ಆಗಬೇಕು. ಆಗದಿದ್ದರೆ ಯಾವುದೋ ಬರೆಯಲು ಬಿಟ್ಟುಹೋಗಿದೆ ಎಂದರ್ಥ. ಕೊನೆಯ ಪುಟದಲ್ಲಿ ಮನೆಯಿಂದ ಬಂದ ವಸ್ತು ಮತ್ತು ಕೆಲಸಕ್ಕೆ ಬೇರೆ ಪಟ್ಟಿ ಇರಲಿ. ಕೈಯಲ್ಲಿ ಬರೆದು ಕೂಡಿಸಿದ ಮೊತ್ತ ನೆನಪಿನಲ್ಲಿ ಉಳಿಯುವುದರಿಂದ ಮೊದಲ ವರ್ಷ ಕಾಗದವೇ ಇರಲಿ ಎನ್ನುತ್ತೇನೆ.

ಫೋನ್‌ಪೇ, ಗೂಗಲ್‌ಪೇ ಮೂಲಕ ಬಂದ ದುಡ್ಡು ತಂದೆ ಅಥವಾ ತಾಯಿಯ ಖಾತೆಗೆ ಹೋಗಿ ಮನೆಯ ದುಡ್ಡಿನಲ್ಲಿ ಬೆರೆತುಬಿಡುತ್ತದೆ. ಅಂದಂದಿನ ಮೊತ್ತವನ್ನು ಅಂದೇ ಸಂಜೆ ಎಣಿಸಿ ನಗದಾಗಿ ಡಬ್ಬಿಗೆ ಹಾಕುವ ಪದ್ಧತಿ ಇಟ್ಟುಕೊಳ್ಳಿ; ನಾಳೆ ಕೊಡುತ್ತೇನೆ ಎಂದು ಮುಂದೂಡಿದರೆ ಮಗುವಿನ ಪುಸ್ತಕ ಕೆಡುತ್ತದೆ.

## ವ್ಯಾಪಾರ ಬೆಳೆದಂತೆ

ಮೊದಲ ಬಂಡವಾಳ ನಾನೇ ಕೊಡಬೇಕಲ್ಲ. ನಷ್ಟ ಆದರೆ ತುಂಬಿಕೊಡಲೇ?

ಬಂಡವಾಳವನ್ನು ದಾನವಾಗಿ ಕೊಡಬೇಡಿ, ಕೈಗಡವಾಗಿ ಕೊಡಿ. ಸ್ತ್ರೀಶಕ್ತಿ ಸಂಘದಲ್ಲಿ ಅಮ್ಮ ಕಂತು ಕಟ್ಟುವುದನ್ನು ನಮ್ಮ ಕಡೆಯ ಎಷ್ಟೋ ಮಕ್ಕಳು ನೋಡಿ ಬೆಳೆದಿರುತ್ತಾರೆ, ಆದ್ದರಿಂದ ಪಡೆದದ್ದನ್ನು ಹಿಂತಿರುಗಿಸುವುದು ಅವರಿಗೆ ಹೊಸ ಸಂಗತಿಯಲ್ಲ. ಮೊತ್ತ ಸಣ್ಣದಿರಲಿ, ಪೂರ್ತಿ ಮುಳುಗಿದರೂ ಮನೆಯಲ್ಲಿ ಯಾರ ದನಿಯೂ ಏರದಷ್ಟು ಸಣ್ಣದು.

ನಷ್ಟವಾದರೆ ಗುಟ್ಟಾಗಿ ಡಬ್ಬಿಗೆ ದುಡ್ಡು ಸೇರಿಸುವುದು ಬೇಡ. ನಷ್ಟವನ್ನು ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಬರೆಸಿ, ಕಾರಣವನ್ನೂ ಅದರ ಪಕ್ಕದಲ್ಲಿ ಬರೆಸಿ. ಮಳೆ ಬಂದು ಸಂತೆಯೇ ಸೇರಲಿಲ್ಲ ಎಂಬುದು ಒಂದು ಬಗೆ; ಉಪ್ಪು ಜಾಸ್ತಿಯಾಗಿ ಜನ ಮತ್ತೆ ಬರಲಿಲ್ಲ ಎಂಬುದು ಇನ್ನೊಂದು ಬಗೆ. ಮೊದಲನೆಯದಕ್ಕೆ ಮಗು ಹೊಣೆಯಲ್ಲ, ಆದರೆ ಮುಂದಿನ ಸಲ ಜೂನ್ ತಿಂಗಳಿನಲ್ಲಿ ಹಪ್ಪಳ ಒಣಗಿಸುವ ಯೋಜನೆ ಹಾಕದಿರುವುದು ಅದರ ಕೈಯಲ್ಲಿದೆ. ಸಾಲದ ಬಾಕಿ ತೀರಿಸಲು ಸಮಯ ಕೊಡಿ, ಮನ್ನಾ ಮಾಡಬೇಡಿ.

ಪಕ್ಕದ ಮನೆ ಅತ್ತೆ "ಆಮೇಲೆ ಕೊಡ್ತೀನಿ ಪುಟ್ಟಿ" ಅಂತ ಗಿಡ ತಗೊಂಡು ಹೋದವರು ಕೊಟ್ಟೇ ಇಲ್ಲ. ಕೇಳಿಸಬಹುದಾ?

ಕೇಳಿಸಲೇಬೇಕು, ಆದರೆ ಮಗುವೇ ಕೇಳಲಿ, ನೀವು ಜೊತೆಗೆ ನಿಲ್ಲಿ. "ಅತ್ತೆ, ಗಿಡದ ಐವತ್ತು ರೂಪಾಯಿ ನನ್ನ ಪುಸ್ತಕದಲ್ಲಿ ಬಾಕಿ ತೋರಿಸ್ತಿದೆ" ಎಂದರೆ ಅದರಲ್ಲಿ ಒರಟುತನವಿಲ್ಲ. ದೊಡ್ಡವರು ಮರೆತಿರುತ್ತಾರೆ, ಪುಸ್ತಕವನ್ನು ಕಂಡರೆ ಸಂತೋಷಪಟ್ಟೇ ಕೊಡುತ್ತಾರೆ. ಉದ್ರಿ ಮಾರಿದ್ದು ಲೆಕ್ಕದಲ್ಲಿ ಲಾಭವನ್ನು ತೋರಿಸುತ್ತದೆ, ಕೈಯಲ್ಲಿ ಮಾತ್ರ ದುಡ್ಡಿರುವುದಿಲ್ಲ. ಮುಂದಿನ ವಾರದ ಕುಂಡ, ಗೊಬ್ಬರ ತರುವುದಕ್ಕೆ ಬೇಕಾದದ್ದು ಕೈಯಲ್ಲಿರುವ ದುಡ್ಡು. ಲಾಭದಲ್ಲಿದ್ದೂ ವ್ಯಾಪಾರ ನಿಂತುಹೋಗುವುದು ಹೀಗೆಯೇ, ಊರಿನ ಎಷ್ಟೋ ಕಿರಾಣಿ ಅಂಗಡಿಗಳಿಗೂ ಇದೇ ಗತಿ ಬಂದಿದೆ.

ಇಬ್ಬರು ಗೆಳೆಯರು ಸೇರಿ ಮಾಡುತ್ತಿದ್ದಾರೆ. ಲಾಭ ಹಂಚುವಾಗ ಜಗಳ ಆಯಿತು. ನ್ಯಾಯ ಯಾವುದು?

ಒಬ್ಬ 300 ರೂಪಾಯಿ ಹಾಕಿದ, ಇನ್ನೊಬ್ಬ ಹೆಚ್ಚು ಹೊತ್ತು ದುಡಿದ ಎಂಬುದೇ ಸಾಮಾನ್ಯವಾಗಿ ಜಗಳದ ಮೂಲ. ಮೊದಲು ಹಾಕಿದ 300 ಅವನಿಗೆ ಮರಳಲಿ, ಅದು ಲಾಭವಲ್ಲ. ಆಮೇಲೆ ಇಬ್ಬರ ದುಡಿಮೆಯ ಗಂಟೆಗೆ ಒಂದೇ ದರದಲ್ಲಿ ಕೂಲಿ ಹಂಚಲಿ. ಅದಾದ ಮೇಲೂ ಏನಾದರೂ ಉಳಿದರೆ ಮಾತ್ರ ಪಾಲಿನ ಪ್ರಶ್ನೆ. ಪಾಲು ಅರ್ಧ ಅರ್ಧವೋ ಬೇರೆಯೋ ಎಂಬುದನ್ನು ಆರಂಭದಲ್ಲೇ ಬರೆದು ಇಬ್ಬರೂ ಸಹಿ ಹಾಕಿಕೊಂಡಿದ್ದರೆ ಸ್ನೇಹ ಉಳಿಯುತ್ತದೆ.

ನಾಟಿ ಕೋಳಿ ಸಾಕಿ ಮೊಟ್ಟೆ ಮಾರುತ್ತೇನೆ ಅನ್ನುತ್ತಾನೆ. ಗೂಡಿಗೇ ಸಾವಿರದ ಇನ್ನೂರು ಆಯಿತು. ಇದರ ಲಾಭ ಹೇಗೆ ನೋಡುವುದು?

ಗೂಡಿನ ಪೂರ್ತಿ 1200 ರೂಪಾಯಿಯನ್ನು ಮೊದಲ ತಿಂಗಳ ಖರ್ಚಿಗೆ ಹಾಕಿದರೆ ಭಾರೀ ನಷ್ಟ ಕಾಣುತ್ತದೆ, ಹಾಕದೇ ಬಿಟ್ಟರೆ ಇಲ್ಲದ ಲಾಭ ಕಾಣುತ್ತದೆ. ಗೂಡು ಮೂರು ವರ್ಷ ಬಾಳುತ್ತದೆ ಎಂದಾದರೆ ವರ್ಷಕ್ಕೆ 400, ತಿಂಗಳಿಗೆ ಸುಮಾರು 33 ರೂಪಾಯಿ ಗೂಡಿನ ಸವಕಳಿ ಎಂದು ಬರೆಯಲಿ. ಆ 33 ರೂಪಾಯಿಯನ್ನು ಪ್ರತಿ ತಿಂಗಳೂ ಬೇರೆ ಡಬ್ಬಿಯಲ್ಲಿ ತೆಗೆದಿಟ್ಟರೆ ಮೂರು ವರ್ಷದ ಕೊನೆಗೆ ಹೊಸ ಗೂಡಿಗೆ ದುಡ್ಡು ಸಿದ್ಧವಿರುತ್ತದೆ.

ಮರಿ ತಂದರೆ ಮೊಟ್ಟೆಗೆ ಐದಾರು ತಿಂಗಳು ಕಾಯಬೇಕು, ಅಷ್ಟೂ ದಿನ ತೌಡು, ನುಚ್ಚು ಖರ್ಚೇ. ಕೋಳಿ ಕಾವಿಗೆ ಕೂತರೆ ಕಡಿಮೆಯೆಂದರೂ 21 ದಿನ ಮೊಟ್ಟೆಯಿಲ್ಲ, ಆದರೆ ಮರಿಗಳ ರೂಪದಲ್ಲಿ ಬಂಡವಾಳ ಬೆಳೆಯುತ್ತಿರುತ್ತದೆ. ಮುಂಗುಸಿ, ಕಾಡುಬೆಕ್ಕು, ಕೋಳಿಗೆ ತಗಲುವ ಕೊಕ್ಕರೆ ರೋಗ ಮೂರೂ ಲೆಕ್ಕದಲ್ಲಿ ಇರಬೇಕಾದ ಅಪಾಯಗಳು. ರೋಗಕ್ಕೆ ಲಸಿಕೆಯಿದೆ, ಪಶು ಆಸ್ಪತ್ರೆಯಲ್ಲಿ ಮೊದಲೇ ವಿಚಾರಿಸಿ.

ನಾವು ಅಡಿಕೆ ಬೆಳೆಗಾರರು. ತೋಟದ ಲೆಕ್ಕ ತೋರಿಸಿಯೇ ಲಾಭ ಕಲಿಸಬಹುದಲ್ಲ?

ತೋರಿಸಿ, ಖಂಡಿತ ತೋರಿಸಿ. ಆದರೆ ತೋಟವೊಂದೇ ಸಾಲದು. ವರ್ಷಕ್ಕೊಂದೇ ಕೊಯ್ಲು, ಧಾರಣೆ ನಮ್ಮ ಕೈಯಲ್ಲಿಲ್ಲ, ಆದ್ದರಿಂದ ತಾನು ಮಾಡಿದ ನಿರ್ಧಾರದ ಫಲವನ್ನು ಮಗು ಬೇಗ ಕಾಣುವುದಿಲ್ಲ. ಜೊತೆಗೆ ನಮ್ಮಲ್ಲಿ ಅನೇಕರು ಇಷ್ಟು ಕ್ವಿಂಟಾಲು ರಾಶಿ ಅಡಿಕೆಗೆ ಇಷ್ಟು ಧಾರಣೆ ಎಂದು ಗುಣಿಸಿದ ಮೊತ್ತವನ್ನೇ ಆದಾಯ ಎನ್ನುತ್ತೇವೆ. ಮಗುವಿನ ಮುಂದೆ ಖರ್ಚಿನ ಭಾಗವನ್ನೂ ತೆರೆದಿಡಿ: ಕೊಳೆರೋಗಕ್ಕೆ ಬೋರ್ಡೋ ದ್ರಾವಣದ ಮೈಲುತುತ್ತ ಮತ್ತು ಸುಣ್ಣ (ಶೇಕಡಾ 1ರ ದ್ರಾವಣಕ್ಕೆ 100 ಲೀಟರ್ ನೀರಿಗೆ ತಲಾ 1 ಕೆ.ಜಿ.), ಮಳೆಯ ನಡುವೆ ಮರ ಹತ್ತಿ ಔಷಧಿ ಹೊಡೆಯುವವರ ಸಂಬಳ, ಕೊನೆ (ಅಡಿಕೆ ಗೊನೆ) ಕೊಯ್ಲು, ಸುಲಿಯುವುದು, ಬೇಯಿಸುವುದು, ಒಣಗಿಸುವುದು. ಅದೇ ಅಡಿಕೆ ಮಂಡಿಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂಬ ದರ್ಜೆಗಳಾಗಿ ಬೇರೆ ಬೇರೆ ಬೆಲೆ ಪಡೆಯುವುದನ್ನು ಒಮ್ಮೆ ಕರೆದುಕೊಂಡು ಹೋಗಿ ತೋರಿಸಿ.

ಮಗುವಿನ ಸ್ವಂತ ವ್ಯಾಪಾರಕ್ಕೆ ತೋಟದೊಳಗಿನ ಉಪಬೆಳೆ ಒಳ್ಳೆಯದು. ನಾಲ್ಕಾರು ಕಾಳುಮೆಣಸಿನ ಬಳ್ಳಿಯನ್ನು ಅವಳ ಹೆಸರಿಗೆ ಬಿಡಿ. ಮೂರು ಕೆ.ಜಿ. ಹಸಿ ಮೆಣಸು ಒಣಗಿದರೆ ಹೆಚ್ಚುಕಡಿಮೆ ಒಂದು ಕೆ.ಜಿ. ಆಗುತ್ತದೆ. ಹಸಿಯಾಗಿ ಇಂದೇ ಮಾರುವುದೋ, ಒಣಗಿಸಿ ಕಾಯುವುದೋ ಎಂದು ತೂಗಿ ನೋಡಿ ಅವಳೇ ತೀರ್ಮಾನಿಸಲಿ.

ಪುಸ್ತಕದಲ್ಲಿ ಶೇಕಡಾ ಲಾಭ ಒಂದು ರೀತಿ, ಅಂಗಡಿಯವರು ಹೇಳುವುದು ಇನ್ನೊಂದು ರೀತಿ. ಯಾವುದು ಸರಿ?

ಎರಡೂ ಸರಿ, ಯಾವುದರ ಮೇಲೆ ಲೆಕ್ಕ ಹಾಕಿದ್ದು ಎಂಬುದು ಬೇರೆ. ಶಾಲೆಯ ಗಣಿತದಲ್ಲಿ ಕೊಂಡ ಬೆಲೆಯ ಮೇಲೆ ಶೇಕಡಾ ಲಾಭ ಕಂಡುಹಿಡಿಯುತ್ತಾರೆ, ವ್ಯಾಪಾರಸ್ಥರು ಅನೇಕ ಸಲ ಮಾರಿದ ಬೆಲೆಯ ಮೇಲೆ ಹೇಳುತ್ತಾರೆ. 80ಕ್ಕೆ ತಂದು 100ಕ್ಕೆ ಮಾರಿದರೆ ಕೊಂಡ ಬೆಲೆಯ ಮೇಲೆ ಶೇಕಡಾ 25, ಮಾರಿದ ಬೆಲೆಯ ಮೇಲೆ ಶೇಕಡಾ 20. ಈ ವ್ಯತ್ಯಾಸ ಹಬ್ಬದ ರಿಯಾಯಿತಿಯ ದಿನ ಎದುರಾಗುತ್ತದೆ: "ನನಗೆ ಶೇಕಡಾ 25 ಲಾಭ ಇದೆ, ಶೇಕಡಾ 25 ಬಿಟ್ಟರೆ ಅಸಲಿಗೆ ಸರಿಹೋಗುತ್ತದೆ" ಎಂದು ಮಗು 100ರ ವಸ್ತುವನ್ನು 75ಕ್ಕೆ ಕೊಟ್ಟರೆ ಒಂದೊಂದಕ್ಕೂ 5 ರೂಪಾಯಿ ನಷ್ಟ.

## ಕಾನೂನು, ಬ್ಯಾಂಕು, ಕಾಡು

ಇದು ಬಾಲಕಾರ್ಮಿಕ ಕಾನೂನಿಗೆ ಸಿಗುವುದಿಲ್ಲವೇ?

1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಂದ ತಿದ್ದುಪಡಿಯ ಪ್ರಕಾರ 14 ವರ್ಷದೊಳಗಿನ ಮಕ್ಕಳನ್ನು ಯಾವುದೇ ಕೆಲಸಕ್ಕೆ ನೇಮಿಸಿಕೊಳ್ಳುವಂತಿಲ್ಲ. ಶಾಲೆಯ ಹೊತ್ತು ಮುಗಿದ ಮೇಲೆ ಅಥವಾ ರಜೆಯಲ್ಲಿ, ಅಪಾಯವಿಲ್ಲದ ಕುಟುಂಬದ ಉದ್ಯಮದಲ್ಲಿ ನೆರವಾಗುವುದಕ್ಕೆ ಅವಕಾಶವಿದೆ. ಅಪಾಯಕಾರಿ ಕೆಲಸಗಳಿಗೆ 18 ವರ್ಷದವರೆಗೂ ನಿಷೇಧ. ನನ್ನ ಅಳತೆ ಕಾನೂನಿಗಿಂತ ಬಿಗಿ: ಮಗುವಿನ ಗಳಿಕೆಯಿಂದ ಮನೆಯ ಯಾವುದಾದರೂ ಖರ್ಚು ನಡೆಯತೊಡಗಿದರೆ, ಅಥವಾ ವ್ಯಾಪಾರಕ್ಕಾಗಿ ಒಂದು ದಿನವಾದರೂ ಶಾಲೆ ತಪ್ಪಿದರೆ, ಅದು ಕಲಿಕೆಯಲ್ಲ, ದುಡಿಮೆ. ಅಲ್ಲಿಗೆ ನಿಲ್ಲಿಸಬೇಕು.

ತಿಂಡಿ ಮಾರುವುದಕ್ಕೆ ಲೈಸೆನ್ಸು ಬೇಕಾ? ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕೊಡಬಹುದಾ?

ಆಹಾರವನ್ನು ನಿಯಮಿತವಾಗಿ ತಯಾರಿಸಿ ಮಾರುವ ಸಣ್ಣ ವ್ಯಾಪಾರಕ್ಕೂ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಡಿ ನೋಂದಣಿ ಬೇಕು, ಅದನ್ನು ದೊಡ್ಡವರ ಹೆಸರಿನಲ್ಲಿ ಮಾಡಿಸಿ. ತೂಗಿ ಮಾರುವುದಾದರೆ ಮುದ್ರೆ ಹಾಕಿದ ತಕ್ಕಡಿ ಬಟ್ಟು ಬೇಕಾಗುವುದರಿಂದ ಮಕ್ಕಳಿಗೆ ಎಣಿಸಿ ಮಾರುವ ವಸ್ತುವೇ ಅನುಕೂಲ. ಕರ್ನಾಟಕದಲ್ಲಿ 2016ರಿಂದಲೇ ಪ್ಲಾಸ್ಟಿಕ್ ಕೈಚೀಲಗಳಿಗೆ ನಿಷೇಧವಿದೆ. ಹಳೆಯ ಪತ್ರಿಕೆಯ ಪೊಟ್ಟಣ ಬೀಜಕ್ಕೆ ಸಾಕು, ತಿಂಡಿಗೆ ಬಾಳೆಎಲೆ ಅಥವಾ ಬಿಳಿ ಕಾಗದ ಬಳಸಿ. ಅಚ್ಚಿನ ಶಾಯಿ ಎಣ್ಣೆಗೆ ಬಿಡುತ್ತದೆ, ಆದ್ದರಿಂದ ಕರಿದದ್ದನ್ನು ಪತ್ರಿಕೆಯಲ್ಲಿ ಕಟ್ಟಬಾರದು.

ಬಂದ ದುಡ್ಡನ್ನು ಮಗುವಿನ ಹೆಸರಿಗೇ ಬ್ಯಾಂಕಿನಲ್ಲಿ ಇಡಬಹುದಾ?

10 ವರ್ಷ ತುಂಬಿದ ಮಕ್ಕಳು ತಾವೇ ಉಳಿತಾಯ ಖಾತೆ ತೆರೆದು ನಡೆಸಲು ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿದೆ, ಮಿತಿಗಳನ್ನು ಆಯಾ ಬ್ಯಾಂಕು ನಿಗದಿ ಮಾಡುತ್ತದೆ. ಅಂಚೆ ಕಚೇರಿಯಲ್ಲೂ 10 ವರ್ಷ ಮೇಲ್ಪಟ್ಟವರಿಗೆ ಖಾತೆ ಸಿಗುತ್ತದೆ. ಸಾಲ, ಕರಾರು ಮಾತ್ರ ಸಾಧ್ಯವಿಲ್ಲ. 1872ರ ಕರಾರು ಕಾಯ್ದೆಯ ಪ್ರಕಾರ ಅಪ್ರಾಪ್ತರು ಕರಾರು ಮಾಡಿಕೊಳ್ಳಲು ಅರ್ಹರಲ್ಲ. ಎಲ್ಲ ಲಾಭವನ್ನೂ ಉಳಿತಾಯಕ್ಕೆ ಹಾಕಿಸಬೇಡಿ. ಮುಂದಿನ ಸಲದ ಬಂಡವಾಳಕ್ಕೆ ಒಂದು ಪಾಲು, ಉಳಿತಾಯಕ್ಕೆ ಒಂದು ಪಾಲು, ಇನ್ನುಳಿದದ್ದು ಮಗು ಇಷ್ಟಪಟ್ಟಂತೆ. ಅದು ಐಸ್‌ಕ್ರೀಮಿಗೆ ಹೋದರೂ ಸುಮ್ಮನಿರಿ.

ಅಪ್ಪೆಮಿಡಿ ಹೊಳೆ ದಂಡೆಯಲ್ಲಿ ಸುಮ್ಮನೆ ಸಿಗುತ್ತದೆ. ಅದನ್ನು ಕೊಯ್ದು ಮಾರಿದರೆ ಪೂರ್ತಿ ಲಾಭವಲ್ಲವೇ?

ಸುಮ್ಮನೆ ಸಿಗುತ್ತದೆ ಎಂದು ಕೊಂಬೆಗಳನ್ನೇ ಕಡಿದು ಮಿಡಿ ಉದುರಿಸಿದ್ದರಿಂದ ಎಷ್ಟೋ ಒಳ್ಳೆಯ ಅಪ್ಪೆ ಮಾವಿನ ಮರಗಳು ಹಾಳಾಗಿವೆ. ಅಭಯಾರಣ್ಯದೊಳಗೆ ಕೀಳುವುದು ಅಪರಾಧ. ಹೊರಗಿನ ಕಾಡಿನಲ್ಲೂ ಅರಣ್ಯ ಇಲಾಖೆಯ ನಿಯಮ ಕೇಳಿಕೊಂಡೇ ಹೋಗಬೇಕು. ಸ್ವಂತ ಜಾಗದ ಮರವಾದರೂ ಮಗುವಿನ ಪುಸ್ತಕದಲ್ಲಿ ಮರಕ್ಕೆ ಒಂದು ಸಾಲು ಇರಲಿ: ಈ ವರ್ಷದ ಮಿಡಿಯಿಂದ ಬಂದದ್ದರಲ್ಲಿ ಒಂದು ಕಸಿ ಗಿಡದ ಬೆಲೆಯನ್ನು ತೆಗೆದು, ಮಳೆ ಹಿಡಿದ ಮೇಲೆ ಗಿಡ ತಂದು ನೆಟ್ಟ ಬಳಿಕ ಉಳಿದದ್ದು ಲಾಭ. ಮರ ಹತ್ತುವ ಕೆಲಸ ದೊಡ್ಡವರದ್ದು.

ಇನ್ನು ಸಾಕು, ವ್ಯಾಪಾರ ಬಿಡುತ್ತೇನೆ ಅನ್ನುತ್ತಾಳೆ. ಬಿಡಲು ಹೇಳಲೇ, ಮುಂದುವರಿಸು ಅನ್ನಲೇ?

ಬಿಡಲಿ. ಆದರೆ ಪುಸ್ತಕ ಮುಗಿಸಿ ಬಿಡಲಿ. ಉಳಿದ ದಾಸ್ತಾನನ್ನು ಎಣಿಸಿ, ಮಾರಾಟವಾಗುವ ಬೆಲೆಗೆ ಮಾರಲಿ. ಮಾರಾಟವಾಗದ್ದನ್ನು ನಷ್ಟಕ್ಕೆ ಬರೆಯಲಿ. ಬರಬೇಕಾದ ಬಾಕಿ ವಸೂಲಾಗಲಿ, ನಿಮ್ಮಿಂದ ಪಡೆದ ಕೈಗಡ ತೀರಲಿ, ಮುಂಗಡ ಕೊಟ್ಟು ಹಪ್ಪಳಕ್ಕೋ ಗೆಡ್ಡೆಗೋ ಹೇಳಿಟ್ಟವರಿದ್ದರೆ ಅವರಿಗೆ ವಸ್ತು ಅಥವಾ ದುಡ್ಡು ತಲುಪಲಿ. ಕೊನೆಯ ಪುಟದಲ್ಲಿ ಮೊದಲ ದಿನದಿಂದ ಇಲ್ಲಿಯವರೆಗಿನ ಬಂದದ್ದು, ಹೋದದ್ದು, ಮನೆಯವರು ಬಿಟ್ಟುಕೊಟ್ಟದ್ದು ಮೂರನ್ನೂ ಕೂಡಿಸಿ ಬರೆಯಲಿ. ಹೇಳಿಟ್ಟ ಗಿರಾಕಿಗಳ ಮನೆಗೆ ಅವಳೇ ಹೋಗಿ "ಈ ವರ್ಷದಿಂದ ಮಾಡುತ್ತಿಲ್ಲ" ಎಂದು ತಿಳಿಸಿ ಬರಲಿ. ಡೇರೆ ಗೆಡ್ಡೆಗೆ ಕಾಯುವವರಿಗೆ ಮೇ ತಿಂಗಳಿಗಿಂತ ಮುಂಚೆ ಗೊತ್ತಾದರೆ ಬೇರೆ ಕಡೆ ಹೇಳಿಕೊಳ್ಳುತ್ತಾರೆ.